ಬೇವು-ಬೆಲ್ಲ ಹಂಚುವ ಮೊದಲು ಜಾನಕಿ ಆಡಿದ ಮಾತು

ಸ್ವೀಡನ್ನಿನ ಲಿಂಕೋಪಿಂಗಿನ ಕನ್ನಡದವರಿಗೆ ಕುಮಟಾದ ಜಾನಕಿ ಎಂದರೆ ಬಲು ಮೆತ್ತಗಿನ ಹೆಂಗಸು. ಹತ್ತು ಜನರ ನಡುವೆ ಅವಳ ದನಿ ಕೇಳಿದವರೇ ಇರಲಿಲ್ಲ. ಆ ದನಿ ಎದ್ದದ್ದು ಎರಡು ಸಾವಿರದ ಆರರ ಯುಗಾದಿಗೆ.

ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಆರು ವರ್ಷದ ಮಗಳು ವರ್ಷಾಗೆ ಮೂಗು ಚುಚ್ಚಿಸಿದ್ದರು. ವಾಪಸು ಬಂದ ಮೇಲೆ ಮೂಗಿನೊಳಗೆ ಹುಣ್ಣಾಯಿತು. ಚಕ್ಕೆ ಕಟ್ಟುವುದು, ಉದುರುವುದು, ರಕ್ತ ಜಿನುಗುವುದು. ಮೂಗುಬೊಟ್ಟಿನದೇ ತಪ್ಪು ಎಂದರು ಎಲ್ಲರೂ. ಜಾನಕಿ ಅದನ್ನು ತೆಗೆಸಿ, ಕೊಬ್ಬರಿ ಎಣ್ಣೆಗೆ ಅರಿಸಿನ ಕಲೆಸಿ ಹಚ್ಚುತ್ತ ಚಳಿಗಾಲ ಕಳೆದಳು. ಕೊನೆಗೊಂದು ದಿನ ನೋಡಿದರೆ ಚುಚ್ಚಿಸಿದ ತೂತು ಎಂದೋ ಮುಚ್ಚಿದೆ, ಹುಣ್ಣು ಮಾತ್ರ ಆಚೆ ಹೊಳ್ಳೆಗೂ ಹಬ್ಬಿದೆ. ಆವತ್ತೇ ಆಸ್ಪತ್ರೆಯ ಬಸ್ಸು ಹತ್ತಿದಳು.

ವೈದ್ಯೆ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದದ್ದು ಕ್ಷಯ. ಎದೆಯ ರೋಗ ಮೂಗಿಗೆ ಬರುತ್ತದೆಯೇ ಎಂದಳು ಜಾನಕಿ. ಮಕ್ಕಳಲ್ಲಿ ಬಲು ಅಪರೂಪ, ಹಾಗೇ ಬಿಟ್ಟರೆ ಮೂಗನ್ನೇ ತಿನ್ನುತ್ತದೆ, ತಿಂಗಳುಗಟ್ಟಲೆ ಮಾತ್ರೆ ತಪ್ಪಿಸದಿದ್ದರೆ ವಾಸಿಯಾಗುತ್ತದೆ ಎಂದರು. ಕೆಮ್ಮುವ ದೊಡ್ಡವರು ಯಾರಿಂದಲೋ ಬಂದಿರಬೇಕು, ಮನೆಗೆ ಬಂದುಹೋಗುವವರನ್ನು ವಿಚಾರಿಸಿ, ಅವರಿಗೂ ಮದ್ದು ಬೇಕು ಎಂದೂ ಸೇರಿಸಿದರು.

ಕೇಳಿದವರಿಗೆ ಅಲರ್ಜಿ ಎಂದು ಹೇಳಿ ಮುಗಿಸುವ ಆಸೆ ಗಂಡ ಮಹಾಬಲೇಶ್ವರನಿಗೆ.

“ಹೆಣ್ಮಗು ಮಾರಾಯ್ತಿ. ನಾಳೆ ಮದುವೆ ಅಂತ ಬಂದಾಗ?”

“ಮದುವೆ ಹೊತ್ತಿಗೆ ಮೂಗು ಇರ್ಬೇಕಲ್ಲ ಮೊದ್ಲು.”

ಯುಗಾದಿಯ ದಿನ ಮಗಳನ್ನು ಅಪ್ಪನ ಬಳಿ ಬಿಟ್ಟು, ಎಲ್ಲರೂ ಸೇರಿದ ಸಭಾಂಗಣಕ್ಕೆ ಒಬ್ಬಳೇ ಹೋದಳು. ಬೇವು-ಬೆಲ್ಲದ ಬಟ್ಟಲು ಹಿಡಿದು, ಹಂಚುವ ಮೊದಲು ಹೇಳಿದಳು:

“ವರ್ಷಾಗೆ ಮೂಗಲ್ಲಿ ಟಿ.ಬಿ. ವಾಸಿಯಾಗತ್ತೆ. ನಮ್ಮನೆಗೆ ಬರೋರಲ್ಲಿ ಯಾರಿಗಾದ್ರೂ ಕೆಮ್ಮು ಬಿಡ್ದೇ ಇದ್ರೆ, ದಯವಿಟ್ಟು ತೋರಿಸ್ಕೊಳ್ಳಿ.”

ಒಬ್ಬಿಬ್ಬರು ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು. ಬಟ್ಟಲಿನತ್ತ ಒಂದು ಕೈಯೂ ಬರಲಿಲ್ಲ. ಆಮೇಲೆ ನಂದಕುಮಾರ ಎದ್ದು ಬಂದ. ಒಂಟಿ ಹುಡುಗ, ಭಾನುವಾರದ ಊಟ ಜಾನಕಿಯ ಮನೆಯಲ್ಲೇ, ಹೋದಾಗೆಲ್ಲ ವರ್ಷಾ ಅವನ ಹೆಗಲ ಮೇಲೆ.

“ಅಕ್ಕ, ಹೋದ್ ವರ್ಷದಿಂದ ಕೆಮ್ತಿದೀನಿ. ಇಲ್ಲಿಯ ಚಳಿಗೆ ಅಂದ್ಕೊಂಡಿದ್ದೆ.”

ಅವನ ಕಣ್ಣು ತುಂಬಿತ್ತು. ಜಾನಕಿ ಅವನ ಅಂಗೈಗೆ ಬೇವು-ಬೆಲ್ಲ ಹಾಕಿದಳು. ನಾಳೆ ನಾನೇ ಕರ್ಕೊಂಡು ಹೋಗ್ತೀನಿ ಅಂದಳು.

ಅವನ ಶ್ವಾಸಕೋಶದಲ್ಲಿ ಕ್ಷಯ ಸಿಕ್ಕಿತು. ಇನ್ನು ಸೋಂಕು ಹರಡದು ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಭಾನುವಾರದ ಊಟ ಮತ್ತೆ ಶುರುವಾಯಿತು. ವರ್ಷಾಗೆ ಅಲ್ಲಿಯ ಲಿಂಗೊನ್ ಹಣ್ಣಿನ ಜಾಮಿನಲ್ಲಿ ಅರೆದ ಮಾತ್ರೆ, ಅವನ ಮಾತ್ರೆಗೆ ಬರೀ ನೀರು. ನೀನು ಮೊದಲು ನುಂಗು ಎಂದು ಸ್ವೀಡಿಷ್‌ನಲ್ಲಿ ಅವನನ್ನು ಗದರುವುದು ಅವಳ ಹಕ್ಕು. ಇಬ್ಬರೂ ಗುಣವಾದರು. ಮೂಗು ಮೂಗಾಗಿಯೇ ಉಳಿಯಿತು.

ಲಿಂಕೋಪಿಂಗಿಗೆ ಹೊಸ ಕನ್ನಡದವರು ಬಂದರೆ ಈ ಕಥೆ ಹೇಳುವವನು ಈಗ ಮಹಾಬಲೇಶ್ವರನೇ. ಕೊನೆಗೆ ಹೆಂಡತಿಯ ಕಡೆ ಕೈ ತೋರಿಸಿ ಅನ್ನುತ್ತಾನೆ:

“ಬೇಡ ಅಂದವ್ನು ನಾನೇ. ನನ್ನ ಮಾತು ಕೇಳ್ಲಿಲ್ಲ ನೋಡಿ, ನಮ್ಮ ಪುಣ್ಯ.”