ಇನ್‌ಸ್ಪೆಕ್ಷನ್ನಿಗೆ ತಂದ ಹುಳು

ಸರ್ಕಾರ ನಮಗೆ ಒಂದು ಮೈಕ್ರೊಸ್ಕೋಪು ಕೊಟ್ಟಿತ್ತು. ಜೊತೆಗೆ ಕಬ್ಬಿಣದ ಸ್ಟ್ಯಾಂಡುಗಳು, ಗೂಡು ಕಟ್ಟಿಸುವ ಪ್ಲಾಸ್ಟಿಕ್ ಚಂದ್ರಿಕೆಗಳು, ಗಾಳಿಗೆ ತೇವ ಕೊಡುವ ಒಂದು ಯಂತ್ರ. ಕೊಡದೆ ಇದ್ದದ್ದು ಹುಳು ಮಾತ್ರ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಶಿಡ್ಲಘಟ್ಟದ ಕಡೆಯ ಒಂದು ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಜೆಓಸಿ ಮಕ್ಕಳಿಗೆ ನಾನು ರೇಷ್ಮೆ ಪಾಠ ಮಾಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದಲ್ಲಿ ಕೈಗೊಂದು ಕೆಲಸ ಕಲಿಯಲಿ ಎಂದು ಮಾಡಿದ ಕೋರ್ಸು ಅದು. ನಾನು ಅರೆಕಾಲಿಕ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರು ಸಹಿ ಹಾಕಿದರೆ ನನಗೆ ಕೆಲಸ ಉಂಟು, ಹಾಕದಿದ್ದರೆ ಚಿಂತಾಮಣಿಯ ಮನೆಯಲ್ಲೇ ಇರಬೇಕು.

ಸಾಮಾನಿನ ದುಡ್ಡು ಒಂದು ಲೆಕ್ಕದ ಶೀರ್ಷಿಕೆಯಲ್ಲಿ ಬರುತ್ತಿತ್ತು. ಸೊಪ್ಪು, ಹುಳುವಿನ ಮೊಟ್ಟೆ, ಸುಣ್ಣ ಇಂಥ ದಿನದ ಖರ್ಚಿಗೆ ಸಾದಿಲ್ವಾರು ಎಂಬ ಬೇರೆಯೇ ಶೀರ್ಷಿಕೆ. ಮೊದಲನೆಯದು ಒಂದೇ ಸಲ ಬಂದು ರೂಮು ತುಂಬಿಸಿತು. ಎರಡನೆಯದು ವರ್ಷವರ್ಷ ಬರಬೇಕಿತ್ತು, ಬರಲಿಲ್ಲ. ಒಂದರ ದುಡ್ಡನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಇನ್ನೊಂದು ಮೈಕ್ರೊಸ್ಕೋಪು ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಒಂದು ಹೊರೆ ಸೊಪ್ಪು ಕೊಡುತ್ತಿರಲಿಲ್ಲ. ಎತ್ತ ತಿರುಗಿದರೂ ಹಿಪ್ಪುನೇರಳೆ ತೋಟವಿರುವ ಸೀಮೆಯಲ್ಲಿ ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹುಳು ಬರೆಯುತ್ತಿದ್ದೆ. ಮಕ್ಕಳು ಅದನ್ನು ನೋಡಿ ಅಂದವಾಗಿ ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಹುಳು ಸಾಕುವ ಮನೆಯಲ್ಲೇ ಆಡಿ ಬೆಳೆದವರು. ಅವರ ಮುಂದೆ ನಿಲ್ಲಲು ನನಗೇ ನಾಚಿಕೆಯಾಗುತ್ತಿತ್ತು.

ಅವರಲ್ಲಿ ಒಬ್ಬಳು ಮೇಲೂರಿನಿಂದ ಬರುತ್ತಿದ್ದಳು. ಅವರ ಮನೆಯಲ್ಲಿ ಹಿಂದಿನ ವರ್ಷ ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿತ್ತು. ಹುಳು ಊದಿಕೊಂಡು, ಮೈಯಿಂದ ಹಾಲಿನಂಥ ನೀರು ಸುರಿಸಿ ಸಾಯುವ ರೋಗ. ಅದನ್ನು ಮೊದಲೇ ಕಂಡುಹಿಡಿಯುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ ಎಂದು ಅವಳು ಅಪ್ಪನನ್ನು ಒಪ್ಪಿಸಿ ಬಂದಿದ್ದಳು. ಅಪ್ಪ ಒಂದು ವರ್ಷ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಕಾಲೇಜಿನಲ್ಲಿ ಒಂದು ಬೆಳೆ ಅವಳೇ ಕೈಯಾರೆ ತೆಗೆದು ತೋರಿಸಬೇಕು, ಇಲ್ಲದಿದ್ದರೆ ಓದು ಬಂದ್.

"ಮೇಡಂ, ನಮಗೆ ಮೊಟ್ಟೆ ಯಾವಾಗ ತರ್ತೀರಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು.

"ಅರ್ಜಿ ಹಾಕಿದೀನಿ ಕಣಮ್ಮ" ಎನ್ನುತ್ತಿದ್ದೆ. ಸುಳ್ಳಲ್ಲ. ಮೂರು ಸಲ ಹಾಕಿದ್ದೆ.

ಕೊನೆಗೆ ಡಿಸೆಂಬರಿನಲ್ಲಿ ಸುದ್ದಿ ಬಂತು. ಬೆಂಗಳೂರಿನಿಂದ ಒಬ್ಬ ಅಧಿಕಾರಿ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ, ನಮ್ಮ ಸಾದಿಲ್ವಾರು ಅರ್ಜಿಯನ್ನೂ ಅವರೇ ನೋಡಿ ಬರೆಯುತ್ತಾರೆ. ಪ್ರಿನ್ಸಿಪಾಲರು ನನ್ನನ್ನು ಕರೆದು, "ಬರೀ ಸ್ಟ್ಯಾಂಡ್ ತೋರಿಸಿದ್ರೆ ಕೋರ್ಸನ್ನೇ ಕಿತ್ಕೊಂಡು ಹೋಗ್ತಾರೆ ಕಣಮ್ಮ. ಎಲ್ಲಿಂದಾದ್ರೂ ಹುಳು ತಂದು ತುಂಬ್ಸು" ಎಂದರು.

ನನಗೂ ಅದೇ ಸರಿ ಎನಿಸಿತು. ಹೆಣ್ಣು ನೋಡಲು ಬಂದವರ ಮುಂದೆ ಪಕ್ಕದ ಮನೆಯ ಕುರ್ಚಿ, ಲೋಟ ತಂದಿಟ್ಟು ಬೆಳೆದ ಜನ ನಾವು. ಬಂದವರ ಮುಂದೆ ಇಲ್ಲ ಎನ್ನಲು ನಮಗೆ ಬರುವುದಿಲ್ಲ. ಹುಳು ತರುವ ಮನೆಯನ್ನೂ ನಾನೇ ಯೋಚಿಸಿದೆ, ಯಾರೂ ಹೇಳಿಕೊಡಲಿಲ್ಲ.

ಮೇಲೂರಿಗೆ ಹೋದೆ. ಗೂಡು ಬಿಡಿಸುವ ಮುಂಚೆ ಹುಳು ಮನೆಗೆ ಹೊರಗಿನವರನ್ನು ಬಿಡುವುದೇ ಇಲ್ಲ, ಇನ್ನು ಹುಳುವನ್ನೇ ಹೊರಗೆ ಕಳಿಸುವುದು ಎಲ್ಲಿ ಬಂತು. ಆ ಹುಡುಗಿಯ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು. ಹುಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಕಡೆಯ ಸಲ ಪೊರೆ ಬಿಟ್ಟು ರಾತ್ರಿ ಹಗಲು ಸೊಪ್ಪು ತಿನ್ನುವ ವಯಸ್ಸು.

"ಸಾಹೇಬ್ರು ನೋಡಿದ್ರೆ ಇವಳಿಗೆ ಅಲ್ಲೇ ಹುಳು ಸಾಕೋಕೆ ದುಡ್ಡು ಕೊಡ್ತಾರಾ?" ಎಂದು ಕೇಳಿದರು.

"ಕೊಡ್ತಾರಮ್ಮ" ಎಂದೆ.

"ಆಯ್ತು, ಅರ್ಧ ತಗೊಂಡೋಗಮ್ಮ. ಸೊಪ್ಪೂ ನಾವೇ ಕಳಿಸ್ತೀವಿ."

ಬೆಳಗಿನ ತಂಪಿನಲ್ಲಿ ಲಗೇಜ್ ಆಟೋದಲ್ಲಿ ತಟ್ಟೆಗಳು ಬಂದವು. ಹತ್ತು ಗಂಟೆಗೆ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಆ ಹುಡುಗಿ ಶಾಖವೆಷ್ಟು, ತೇವವೆಷ್ಟು, ರೋಗದ ಗುರುತೇನು ಎಂದು ತಡವರಿಸದೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ದುಡ್ಡೇ ಬಂದಿಲ್ಲ ಅಂತೀರಾ. ಇದೆಲ್ಲ ಹೇಗೆ ಮಾಡ್ತಿದ್ದೀರಮ್ಮ?" ಎಂದರು.

ಇದಕ್ಕಿಂತ ನೇರವಾಗಿ ಯಾರು ಕೇಳುತ್ತಾರೆ? ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು, "ನಮ್ಮ ಜನ ತುಂಬಾ ಸಹಕಾರ ಸಾರ್, ಹೇಗೋ ನಡೆದುಹೋಗುತ್ತೆ" ಎಂದರು. ನಾನು ನಕ್ಕು ತಲೆಯಾಡಿಸಿದೆ. ಮುಂದಿನ ಜೂನ್ ನನ್ನ ಕಣ್ಣ ಮುಂದಿತ್ತು.

ಅವರು ಊಟಕ್ಕೆ ಹೋದಮೇಲೆ ರೂಮಿಗೆ ಬಂದೆ. ಹುಳುಗಳು ಸೊಪ್ಪು ಬಿಟ್ಟು ತಲೆ ಆಚೀಚೆ ಆಡಿಸುತ್ತಾ ಬಾಯಿಂದ ಹಸಿರು ನೀರು ಕಾರುತ್ತಿದ್ದವು. ವಿಚಾರಿಸಿದರೆ ಹಿಂದಿನ ಸಂಜೆ ಅಟೆಂಡರು ಮೂಲೆಮೂಲೆಗೂ ಸೊಳ್ಳೆ ಔಷಧಿ ಹೊಡೆದಿದ್ದನಂತೆ, ಸಾಹೇಬರಿಗೆ ಕಚ್ಚಬಾರದೆಂದು. ಪ್ರಿನ್ಸಿಪಾಲರ ಅಪ್ಪಣೆ. ಬಾಗಿಲು ಕಿಟಕಿ ತೆರೆದೆವು, ಹೊಸ ಸೊಪ್ಪು ಹಾಕಿದೆವು. ಹುಳು ಉಳಿಯಲಿಲ್ಲ. ಆ ಹುಡುಗಿ ಅಳಲಿಲ್ಲ. ತಟ್ಟೆ ಬಗ್ಗಿಸಿ ಹುಳುಗಳನ್ನು ಚೀಲಕ್ಕೆ ಸುರಿದು, ತಟ್ಟೆಗಳನ್ನು ಕೊಳಾಯಿಯಲ್ಲಿ ತೊಳೆದಳು, ಮನೆಗೆ ವಾಪಸು ಕೊಡಬೇಕಲ್ಲ.

ಫೆಬ್ರವರಿಯಲ್ಲಿ ಪತ್ರ ಬಂತು. ಪ್ರಾಯೋಗಿಕ ತರಬೇತಿಯು ಸ್ಥಳೀಯರ ಸಹಕಾರದಿಂದ ಸಮರ್ಪಕವಾಗಿ ನಡೆಯುತ್ತಿದ್ದು, ಸಾದಿಲ್ವಾರು ಅನುದಾನದ ಅವಶ್ಯಕತೆ ಕಂಡುಬಂದಿರುವುದಿಲ್ಲ. ಪ್ರಿನ್ಸಿಪಾಲರು 'ಸಮರ್ಪಕವಾಗಿ' ಎಂಬುದರ ಕೆಳಗೆ ಗೆರೆ ಎಳೆದು ನೋಟಿಸ್ ಬೋರ್ಡಿಗೆ ಹಾಕಿಸಿದರು. ಆ ಕಾಗದವನ್ನು ಕಿತ್ತು ಹರಿಯಬೇಕೆಂದು ಎಷ್ಟು ಸಲ ಅನಿಸಿತೋ. ಹರಿಯಲಿಲ್ಲ.

ಪರೀಕ್ಷೆ ಮುಗಿಯಿತು, ಜೂನ್ ಬಂತು. ಆ ಹುಡುಗಿ ಎರಡನೇ ವರ್ಷಕ್ಕೆ ಬರಲಿಲ್ಲ. ಮೇಲೂರಿಗೆ ಹೋದೆ. ಅವಳು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು, ನನ್ನನ್ನು ಕಂಡರೂ ಬರಲಿಲ್ಲ. ತಾಯಿಯೇ ಕಾಫಿ ಕೊಟ್ಟರು. ಪತ್ರದಲ್ಲಿ ಏನಿತ್ತು ಎಂದು ಕೇಳಿದರು, ಹೇಳಿದೆ. ಜಗಳ ಆಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು:

"ಏನೂ ಇಲ್ಲ ಅಂತ ಇರೋದ್ನೇ ತೋರಿಸಿದ್ರೆ ಏನಾಗ್ತಿತ್ತಮ್ಮ?"

ಕಾಫಿ ಕುಡಿದು, ಹೋಗಿಬರ್ತೀನಿ ಎಂದು ಹೇಳಿ ಬಂದೆ.

ಆ ವರ್ಷವೂ ನನ್ನ ಕಾಗದಕ್ಕೆ ಸಹಿ ಬಿತ್ತು. ಮತ್ತೆ ಡಿಸೆಂಬರಿನಲ್ಲಿ ಇನ್‌ಸ್ಪೆಕ್ಷನ್ ಎಂದು ಪ್ರಿನ್ಸಿಪಾಲರು ಕರೆದು, "ಹೋದ ಸಲದ ಥರಾನೇ ಮಾಡ್ಬಿಡಮ್ಮ, ಈ ಸಲ ಸೊಳ್ಳೆ ಔಷಧಿ ಬೇಡ" ಎಂದರು. ನಾನು ಕ್ಲಾಸಿಗೆ ಹೋಗಿ, ಯಾರ ಮನೆಯಲ್ಲಿ ಈಗ ಹುಳು ಇದೆ, ಕೈ ಎತ್ತಿ ಎಂದೆ.