ಕಾರಂಜಿಗೆ ಬೆನ್ನು ಮಾಡದ ಅತ್ತೆ

ರೋಮಿನ ಟ್ರೆವಿ ಕಾರಂಜಿಯ ಮುಂದೆ ನಿಂತಾಗ ನನಗೆ ಕಂಡದ್ದು ಕಲ್ಲಿನ ದೇವರು, ಕಲ್ಲಿನ ಕುದುರೆಗಳು. ಬೈಲಹೊಂಗಲದಿಂದ ನನ್ನ ಜೊತೆ ಪ್ರವಾಸಕ್ಕೆ ಬಂದಿದ್ದ ಅತ್ತೆಗೆ ಕಂಡದ್ದು ನೀರು ಮಾತ್ರ. ಅವರ ತವರು ಮುನವಳ್ಳಿ. ಮಲಪ್ರಭಾ ನದಿಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ನೋಡುತ್ತ ಬೆಳೆದವರು. ಎಲ್ಲೇ ನೀರು ಕಂಡರೂ ಅದರ ಮೂಲ ವಿಚಾರಿಸದೆ ಮುಂದೆ ಹೋಗುವವರಲ್ಲ.

“ನಮ್ಮ ಮಲಪ್ರಭಾ ಖಾನಾಪುರದ ಕಡಿಂದ ಬರತಾಳ. ಈಕಿ ಎಲ್ಲಿಂದ ಬರತಾಳ? ಕೇಳವಾ ಅವನ್ನ,” ಎಂದು ಗೈಡ್ ಕಡೆ ಕೈ ತೋರಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಅಲ್ಲಿಯ ಪದ್ಧತಿ ಹೇಳತೊಡಗಿದ. ನೀರಿಗೆ ಬೆನ್ನು ಮಾಡಿ ನಿಂತು ಹೆಗಲ ಮೇಲಿಂದ ನಾಣ್ಯ ಎಸೆದರೆ ಈ ಊರಿಗೆ ಮತ್ತೆ ಬಂದೇ ಬರುತ್ತೀರಂತೆ. ನನಗೆ ಇಂಥವುಗಳಲ್ಲಿ ನಂಬಿಕೆಯಿಲ್ಲ. ಆದರೂ ಆಸೆಯಾಯಿತು. ಊರಿಗೆ ಮರಳಿದ ಕೂಡಲೇ ಅತ್ತೆಗೆ ಪಿತ್ತಕೋಶದ ಆಪರೇಷನ್ ಇತ್ತು. ಅವರ ಅಕ್ಕ ಇಂಥದೇ ಆಪರೇಷನ್ನಿಗೆ ಹೋದವರು ಮತ್ತೆ ಎಚ್ಚರಾಗಲೇ ಇಲ್ಲ. ಅತ್ತೆ ತಮ್ಮ ಭಯವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ತಮ್ಮ ಟ್ರಂಕಿನ ಕೀಲಿಯನ್ನು ಮಾತ್ರ ನನ್ನ ಕೈಗೆ ಕೊಟ್ಟಿದ್ದರು. ಇಲ್ಲಿಗೆ ಮತ್ತೆ ಬರುತ್ತಾರೆಂದರೆ ಆಪರೇಷನ್ ದಾಟಿದಂತೆಯೇ ಅಲ್ಲವೇ?

“ಅತ್ತಿ, ಈ ಕಡೆ ಹೊಳ್ಳಿ ನಿಲ್ರಿ.”

“ಗಂಗವ್ವಗ ಯಾರರ ಬೆನ್ನ ಮಾಡ್ತಾರನ?”

“ಇಲ್ಲಿ ಪದ್ಧತಿನ ಹಂಗ ಐತ್ರಿ.”

“ಅವರ ಪದ್ಧತಿ ಅವರಿಗಿರಲಿ.”

ಊರ ಕಡೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸೇತುವೆ ಬಂದಾಗ ಬಸ್ಸಿನ ಕಿಟಕಿಯಿಂದ ಮಾಡುವಂತೆಯೇ, ಅತ್ತೆ ಒಂದು ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಎದುರಾಗಿ ಹಾಕಿಬಿಟ್ಟರು. ಹಾಗೆ ಹಾಕಿದರೆ ಮತ್ತೆ ಬರಲಾಗುವುದಿಲ್ಲ ಎಂದು ಗೈಡ್ ನಕ್ಕ. ನನಗೆ ಎಲ್ಲಿತ್ತೋ ಸಿಟ್ಟು! ಎದುರು ನಿಂತು ಹಾಕಿದರೂ ನಡೆಯುತ್ತದೆ ಎಂದು ಹೇಳು ಅಂತ ಅವನೊಡನೆ ಜಗಳಕ್ಕೇ ನಿಂತೆ. ನಂಬಿಕೆಯಿಲ್ಲದವಳ ಈ ಅವತಾರ ನೋಡಿ ಗುಂಪಿನವರೆಲ್ಲ ನಕ್ಕರು. ಅತ್ತೆ ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಕಾರಂಜಿಗೆ ಕೈಮುಗಿದು, ಬೀಗರ ಮನೆಯಿಂದ ಹೊರಡುವವರಂತೆ, “ಹೋಗಿ ಬರತೇನವಾ” ಎಂದು ಹೇಳಿ ಬಸ್ಸಿನ ಕಡೆ ನಡೆದರು. ಜಗಳದಲ್ಲಿ ನೀರಿನ ಮೂಲ ಕೇಳುವುದು ಉಳಿದೇಹೋಯಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದೊಯ್ಯುವಾಗ ನನಗೂ ಅದೇ ಮಾತು ಹೇಳಿದರು. “ಹೋಗಿ ಬರತೇನಿ.”

“ಹೋಗಿ ಬರ್ರಿ” ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕುಳಿತು, ಆ ಗೈಡ್‌ನ ನಗು ನೆನೆದು ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ನನಗೆ ಬಹಳ ಹೆದರಿಕೆಯಾಗಿತ್ತು.

ಸಂಜೆ ಅತ್ತೆ ಕಣ್ಣು ಬಿಟ್ಟರು. ತುಟಿ ಅಲುಗಿದ್ದು ಕಂಡು ಬಾಗಿದೆ.

“ಆ ನೀರ ಎಲ್ಲಿಂದ ಬರತೈತಿ ಅಂತ ಕೇಳಿದೇನ ಅವನ್ನ?”

“ಇಲ್ರಿ ಅತ್ತಿ, ಮರತೆನ್ರಿ.”

“ಹಂಗಾರ ಇನ್ನೊಮ್ಮಿ ಹೋಗಬೇಕ ನೋಡ,” ಎಂದು ಮತ್ತೆ ನಿದ್ದೆಗೆ ಜಾರಿದರು.