ದೊರೆಸಾನಿಯ ಬಾಣಂತನ

ನಮ್ಮ ಸೋದರತ್ತೆ ಹಂದಿ ಫಾರ್ಮಿನ ಹೆರಿಗೆ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಸೂಲಗಿತ್ತಿ ಎನ್ನುತ್ತಿದ್ದರು. ಮನೆಯವರ ಜ್ವರ ಅವಳ ಗಮನಕ್ಕೇ ಬರುತ್ತಿರಲಿಲ್ಲ. ಹಂದಿ ಕೆಮ್ಮಿದರೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳಿಗೆ ಹೆರದೇನೇ ಹಂದಿ ಮುದ್ದು" ಎಂದು ಮಾವ ರೇಗಿಸುತ್ತಿದ್ದ.

ಕೊಬ್ಬಿರುವ ಮಾಂಸಕ್ಕೆ ಗಿರಾಕಿಗಳು ಮೂಗು ಮುರಿಯುತ್ತಾರೆಂದು ಸಾಹುಕಾರರು ಹೊಸ ತಳಿ ತಂದರು. ಮರಿಗಳೇನೋ ನೋಡನೋಡುತ್ತಲೇ ಬೆಳೆದು ಮಾರಾಟವಾದವು. ತಾಯಂದಿರದು ನಾಯಿಪಾಡು. ಹಳೆಯ ತಳಿಯ ಬಾಣಂತಿಗಳು ಬೆನ್ನಿನ ಕೊಬ್ಬು ಕರಗಿಸಿ ಹಾಲು ಕೊಡುತ್ತಿದ್ದವು. ಇವಕ್ಕೆ ಕರಗಿಸಲು ಕೊಬ್ಬೇ ಇಲ್ಲ. ಮೂಳೆ ಎದ್ದು, ಭುಜ ಹುಣ್ಣಾಗಿ, ಮೊದಲ ಸೂಲಿಗೇ ಸೋತು, ಮತ್ತೆ ಬೆದೆಗೆ ಬಾರದೆ ಕಸಾಯಿಖಾನೆಯ ಲಾರಿ ಹತ್ತುತ್ತಿದ್ದವು.

ಅವುಗಳಲ್ಲಿ ಒಂದಕ್ಕೆ ಅತ್ತೆ ದೊರೆಸಾನಿ ಎಂದು ಹೆಸರಿಟ್ಟಿದ್ದಳು. ಇದಾದರೂ ಎರಡನೇ ಸೂಲು ಕಾಣಲಿ ಎಂದು ಹಟ ತೊಟ್ಟಳು. ಬಸುರಿನಲ್ಲಿ ಹೊಟ್ಟೆ ತುಂಬ ತಿಂದರೆ ಬಾಣಂತನಕ್ಕೆ ಮೈಯಲ್ಲಿ ಕೊಬ್ಬು ಉಳಿಯುತ್ತದೆ ಎಂಬುದು ಅವಳ ಎಣಿಕೆ. ಹೊಸ ತಳಿಗೆಂದು ಗೊತ್ತುಮಾಡಿದ್ದ ಅಳತೆಯ ಹಿಂಡಿ ದೊರೆಸಾನಿಯ ಹಸಿವಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಬೇರೆ ಯಾರೂ ಇಲ್ಲದಾಗ ಅತ್ತೆ ಇನ್ನಷ್ಟು ಸುರಿಯುತ್ತಿದ್ದಳು. ಅಲ್ಲೇ ಗೂಡು ತೊಳೆಯುತ್ತಿದ್ದ ನಾನು ಕಂಡೂ ಕಾಣದಂತಿದ್ದೆ.

ಹೆರಿಗೆ ಸುಸೂತ್ರವಾಯಿತು. ಆದರೆ ಮಾರನೆಯ ದಿನದಿಂದ ದೊರೆಸಾನಿ ಬಾನಿಗೆ ಬಾಯಿಡಲಿಲ್ಲ. ಅತ್ತೆ ಹಿಂಡಿ ಕಲಸಿ ಬಾಯಿಗೇ ಹಿಡಿದಳು. ಅದು ಮೂಸಿ ಮಲಗಿತು. ಮೊಲೆಗೆ ಜೋತುಬಿದ್ದ ಮರಿಗಳು ಬಿಡುತ್ತಿರಲಿಲ್ಲ. ನಮ್ಮ ಕಣ್ಣೆದುರೇ ಅದರ ಮೈ ಇಳಿದುಹೋಯಿತು.

ಡಾಕ್ಟರು ಬಂದು ನೋಡಿ, "ಬಸುರಲ್ಲಿ ಜಾಸ್ತಿ ಹಾಕಿದ್ರೇನಮ್ಮ?" ಎಂದು ಕೇಳಿದರು.

"ಹೊಟ್ಟೆ ತುಂಬ ಹಾಕ್ದೆ. ಹಳೇವಕ್ಕೂ ಹಾಗೇ ಹಾಕ್ತಿದ್ವಿ."

"ಅವು ಬೇರೆ, ಇವು ಬೇರೆ. ಈ ತಳಿ ತಿಂದಿದ್ದರಲ್ಲಿ ಹೆಚ್ಚಿಗೆ ಮಾಂಸಾನೇ ಬೆಳೆಸ್ಕೊಳ್ಳುತ್ತೆ. ಬಸುರಲ್ಲಿ ಅತಿಯಾಗಿ ತಿಂದ್ರೆ ಬಾಣಂತನದಲ್ಲಿ ಊಟ ಸೇರಲ್ಲ."

ಅತ್ತೆ ದೊರೆಸಾನಿಯ ಬೆನ್ನು ಸವರಿದಳು. "ಅಯ್ಯೋ, ಕೈಯಾರೆ ಉಣಿಸಿ ಕೆಡಿಸಿದ್ನಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು, ಅತ್ತೆಯ ಮೇಲಲ್ಲ. ತೀರದ ಹಸಿವನ್ನು ತಳಿಯಲ್ಲೇ ಬೆಳೆಸಿ, ಆಮೇಲೆ ಹೊಟ್ಟೆಗೆ ಹಾಕಬೇಡಿ ಅನ್ನುವುದು ಯಾವ ನ್ಯಾಯ?

ಮರಿ ಬಿಡಿಸಿದ ಮೇಲೂ ದೊರೆಸಾನಿ ಬೆದೆಗೆ ಬರಲಿಲ್ಲ. ಹಿಂಗಾಲು ಎಳೆಯುತ್ತಿದ್ದ ಅದನ್ನು ನಾಲ್ಕು ಜನ ಸೇರಿ ಲಾರಿಗೆ ಹತ್ತಿಸಿದರು. ಅತ್ತೆ ಹೊರಗೆ ಬರಲಿಲ್ಲ.

ಅದೇ ಗೂಡಿಗೆ ಇನ್ನೊಂದು ಎಳೆಯ ಬಸುರಿ ಬಂತು. ಅತ್ತೆ ಅಳೆದು ಹಿಂಡಿ ಹಾಕಿದಳು. ಅದು ಗಬಗಬನೆ ತಿಂದು, ಬರಿದಾದ ಬಾನಿಯನ್ನು ನೆಕ್ಕಿ, ಅವಳ ಮುಖ ನೋಡುತ್ತ ನಿಂತಿತು.

"ನೋಡ್ಬೇಡ ಕಣೇ ತಾಯಿ, ನನ್ನ ಕೈಲಾಗಲ್ಲ" ಎಂದು ಅತ್ತೆ ಮುಂದಿನ ಗೂಡಿಗೆ ನಡೆದಳು.